ಕವಡೆ, ಪುಸ್ತಕ ಮತ್ತು ನಮ್ಮ ಚಿಗವ್ವ

ಅಕ್ಕನ ಮಗ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದಾಗ ಯಾದಗಿರಿ ಸ್ಟೇಷನ್ನಿನಲ್ಲಿ ಅವನ ಚೀಲ ಎತ್ತಿಕೊಂಡವನು ನಾನು. ಎತ್ತಿದ ಮೇಲೆ ಕೇಳಿದೆ, 'ಏನಪಾ ಇದರಾಗ, ಕಲ್ಲು ತುಂಬೀಯೇನು?' ಕಲ್ಲಲ್ಲ, ಪುಸ್ತಕ. ಮೂರು ದಪ್ಪ ಪುಸ್ತಕ, ಜೊತೆಗೆ ಒಂದು ಸಣ್ಣ ಚೀಲದಲ್ಲಿ ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಪುಸ್ತಕಗಳಲ್ಲಿ ಇದ್ದದ್ದು ಆಡುವ ನಿಯಮ. ಒಂದು ಆಟಕ್ಕೆ ಇಷ್ಟು ನಿಯಮವೇ ಎಂದು ಸುರಪುರದಲ್ಲಿ ಬೆಳೆದ ನನಗೆ ನಗು ಬಂತು.

ನಮಗೆ ಚೌಕಾಬಾರಕ್ಕೆ ಬೇಕಾಗುತ್ತಿದ್ದದ್ದು ಒಂದು ಇದ್ದಿಲ ತುಂಡು, ನಾಲ್ಕು ಕವಡೆ. ಇಪ್ಪತ್ತೈದು ಮನೆ ಗೀಚಿದರೆ ಪಟ ತಯಾರು. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಹಾಕಬಹುದು. ಗೆರೆ ಹೊಡೆದ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಎದುರಾಳಿಯ ಒಂದು ಕಾಯಿ ಹೊಡೆದ ಮೇಲೆಯೇ ಒಳಮನೆಗೆ ಪ್ರವೇಶ. ಐದು ವರ್ಷದ ಕೂಸಿಗೂ ಒಂದು ಸಂಜೆಯಲ್ಲಿ ಬರುತ್ತಿತ್ತು. ಹುಲಿ ಕುರಿ ಆಟ ಇನ್ನೂ ಸರಳ: ಮೂರು ಹುಲಿ, ಹದಿನೈದು ಕುರಿ, ಹುಲಿ ಹಾರಿದರೆ ಕುರಿ ಸತ್ತಿತು, ಹುಲಿಗೆ ಹೆಜ್ಜೆ ಇಡಲು ಜಾಗವಿಲ್ಲದಿದ್ದರೆ ಕುರಿ ಗೆದ್ದಿತು. ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಪಟಗಳನ್ನು ಕೊರೆದವರು ಪಕ್ಕದಲ್ಲಿ ನಿಯಮ ಕೊರೆಯಲಿಲ್ಲ. ಯಾಕೆ ಕೊರೆಯಬೇಕು?

ಹಾಗೆಂದು ನಮ್ಮ ನಾಡಿನಲ್ಲಿ ತೊಡಕಿನ ಆಟಗಳೇ ಇರಲಿಲ್ಲ ಅನ್ನುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಮುಗಿಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗಕ್ಕೂ ಪಗಡೆಗೂ ಕವಡೆಯಾಟಕ್ಕೂ ಅಧ್ಯಾಯಗಳಿವೆ. ಅರಮನೆಯವರು ಆಡುವುದೆಂದರೆ ಬರೆದಿಡಲೇಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತ ಕಳೆದುಕೊಂಡ ಮೇಲೂ ಆಟ ಬಿಡಲಿಲ್ಲ. ಸಾಮಾನ್ಯ ದಶಾವತಾರ ಗಂಜೀಫಾಕ್ಕೆ 120 ಎಲೆ ಸಾಕು. ಅವರು ಮುನ್ನೂರಕ್ಕೂ ಮಿಕ್ಕ ಎಲೆಗಳ ಆಟ ಕಟ್ಟಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವರ ಪಟಗಳಿವೆ. ನೋಡುವವರಿದ್ದಾರೆ, ಆಡುವವರನ್ನು ನಾನು ಕಂಡಿಲ್ಲ. ಇದ್ದಿಲ ಗೆರೆ ಮಳೆಗೆ ಅಳಿಸಿದರೂ ಚೌಕಾಬಾರ ಉಳಿಯಿತು.

ಇದನ್ನೇ ಹುಡುಗನ ಮುಂದೆ ಜಂಬದಿಂದ ಹೇಳಿದೆ. ಅವನು ತನ್ನ ಆಟದ ವಂಶಾವಳಿ ಬಿಚ್ಚಿದ. ನಮ್ಮ ಚದುರಂಗವೇ ಪರ್ಷಿಯಾ, ಅರೇಬಿಯಾ ದಾಟಿ ಯುರೋಪಿಗೆ ಹೋಯಿತಲ್ಲ, 1780ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬ ಮೇಷ್ಟ್ರು ಅದನ್ನು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿ ಯುದ್ಧದಾಟ ಮಾಡಿದ. 1824ರಲ್ಲಿ ಪ್ರಶ್ಯದ ರೈಸ್‌ವಿಟ್ಸ್ ಎಂಬ ಲೆಫ್ಟಿನೆಂಟ್ ಮನೆಗಳನ್ನು ತೆಗೆದು ನಕಾಶೆ ಹಾಸಿದ. ಗುಂಡಿಗೆ ಎಷ್ಟು ಜನ ಬಿದ್ದರೆಂಬುದಕ್ಕೆ ದಾಳ, ಕೋಷ್ಟಕ, ಮೇಲೊಬ್ಬ ಪಂಚ. ಕೋಷ್ಟಕ ನೋಡುತ್ತಾ ಅಧಿಕಾರಿಗಳು ಬೇಸತ್ತರು. 1876ರಲ್ಲಿ ವೆರ್ದಿ ದ್ಯು ವೆರ್ನ್ವಾ ಎಂಬ ಸೇನಾಧಿಕಾರಿ ಕೋಷ್ಟಕಗಳೇ ಬೇಡ, ಅನುಭವಸ್ಥ ಪಂಚನ ಮಾತೇ ಸಾಕು ಎಂದ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದೇ ವಂಶದ ಆಟವನ್ನು ಮಾಯಾಲೋಕಕ್ಕೆ ಒಯ್ದರು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರದ ಪರವಾಗಿ ಮಾತಾಡುತ್ತಾರೆ, ಅನುಮಾನ ಬಂದಲ್ಲಿ ದಾಳ. ಮೊದಲು ಬಂದದ್ದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಹೊತ್ತಗೆ ಮಾತ್ರ. ಬಿಟ್ಟುಹೋದದ್ದನ್ನು ಆಡುವವರೇ ತುಂಬಿಕೊಳ್ಳಬೇಕು. ಊರೂರಿಗೆ ಆಟ ಬೇರೆಬೇರೆಯಾಯಿತು. ಪರಸ್ಪರ ಗುರುತಿಲ್ಲದವರು ಪಂದ್ಯಕ್ಕೆ ಕೂತರೆ ಜಗಳ. 1977ರಿಂದ 1979ರೊಳಗೆ ಗೈಗ್ಯಾಕ್ಸ್ 'ಮುಂದುವರಿದ' ಆಟವೆಂದು ದಪ್ಪ ಪುಸ್ತಕಗಳನ್ನು ತಂದ. ಎಲ್ಲ ಕಡೆ ಒಂದೇ ಕಾನೂನು ಇರಲಿ ಎಂದು. (ಅದೇ 1979ರಲ್ಲಿ ಆರ್ನೆಸನ್ ತನ್ನ ಪಾಲಿನ ಹಣಕ್ಕಾಗಿ ಕೋರ್ಟಿಗೆ ಹೋದ. ಹೊಲದ ತಕರಾರು ಎಲ್ಲಿ ಇಲ್ಲ?) 2014ರ ಐದನೆಯ ಆವೃತ್ತಿ ಮತ್ತೆ ಸ್ವಲ್ಪ ಹಗುರಾಯಿತಂತೆ. ಹಗುರಾದದ್ದೇ ಈ ಮೂರು ಪುಸ್ತಕ!

'ನೋಡು, ಕಡೀಕ ಪಂಚನ ಮಾತಿಗೇ ಬಂದ್ರು' ಎಂದೆ. ಹಾಗೆನ್ನುವಾಗ ನನಗೆ ನೆನಪಾದವನು ನಮ್ಮ ಮುತ್ಯಾ. ಆಟದ ಜಗಳ ಏನೇ ಇದ್ದರೂ ಕಟ್ಟೆಯ ಮೇಲಿಂದ ಅವನ ಒಂದು ಮಾತು ಬಂದರೆ ಮುಗಿಯಿತು. ಆದರೆ ಮುತ್ಯಾ ನೆನಪಾದರೆ ಅವನ ಹಿಂದೆಯೇ ಚಿಗವ್ವ ನೆನಪಾಗುತ್ತಾಳೆ.

ಚಿಗವ್ವನ ತವರು ಶಹಾಪುರ. ಸುರಪುರಕ್ಕೆ ಒಂದು ತಾಸಿನ ಬಸ್ಸಿನ ದಾರಿ, ಚೌಕಾಬಾರ ಮಾತ್ರ ಬೇರೆ. ಆಕೆಯ ತವರುಮನೆಯಲ್ಲಿ ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯುವಂತಿಲ್ಲ. ನಾಗರಪಂಚಮಿಗೆ ನಮ್ಮ ಸೋದರತ್ತೆ ತವರಿಗೆ ಬಂದಿದ್ದಳು. ಚಿಗವ್ವನನ್ನು ಆ ವರ್ಷ ತವರಿಗೆ ಕಳಿಸಿರಲಿಲ್ಲ. ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಆಡಲು ಕೂತರು. ಅತ್ತೆ ತನ್ನ ಒಂಟಿ ಕಾಯಿಯಿಂದ ಚಿಗವ್ವನ ಜೋಡಿ ಹೊಡೆದಳು. ಚಿಗವ್ವ ತಕರಾರು ತೆಗೆದಳು. ಕಟ್ಟೆಯಿಂದ ಮುತ್ಯಾನ ತೀರ್ಪು ಬಂತು: 'ಸುರಪುರದಾಗ ಹಂಗ ನಡ್ಯಾಂಗಿಲ್ಲ.' ಚಿಗವ್ವ ಒಪ್ಪಿದಳು. ಊರಿಗೊಂದು ಪದ್ಧತಿ, ಇರಲಿ.

ಎರಡು ವರ್ಷದ ಮೇಲೆ ಅದೇ ಪಂಚಮಿ, ಅದೇ ಪಡಸಾಲೆ. ಚಿಗವ್ವನಿಗೆ ಆ ಸಲವೂ ತವರಿಲ್ಲ. ಈ ಸಾರಿ ಜೋಡಿ ಇದ್ದದ್ದು ಅತ್ತೆಯದು, ಚಿಗವ್ವನ ಒಂಟಿ ಕಾಯಿಗೆ ಸರಿಯಾಗಿ ಮೂರು ಬಿತ್ತು. ಹೊಡೆದಳು. 'ಜೋಡಿ ಹೊಡಿಯೂದು ಎಲ್ಲಿ ಪದ್ಧತಿ?' ಎಂದ ಮುತ್ಯಾ. ಅವನು ಬೇಕೆಂದು ಹಾಗೆ ಮಾಡಿದನೆಂದು ನಾನು ಈಗಲೂ ಅನ್ನಲಾರೆ. ಮರೆತಿರಬೇಕು, ಅಥವಾ ಮಗಳು ವರ್ಷಕ್ಕೊಮ್ಮೆ ಬರುವವಳು, ಸೋಲಬಾರದು ಅನ್ನಿಸಿರಬೇಕು. ಮಾವನ ಎದುರು ಮಾತಾಡುವ ಕಾಲವಲ್ಲ ಅದು. ಚಿಗವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮತ್ತೆ ಆಕೆ ಆ ಮನೆಯಲ್ಲಿ ಆಡಿದ್ದನ್ನು ನಾನು ನೋಡಲಿಲ್ಲ.

ಭಾರತದ ದ್ಯೂತಸಭೆಯಲ್ಲೂ ಆದದ್ದು ಇದೇ ಅಲ್ಲವೇ? ದಾಳದ ನಿಯಮ ಸರಳ, ಯಾರಿಗೂ ಅನುಮಾನವಿಲ್ಲ. ತನ್ನನ್ನೇ ಸೋತವನು ಹೆಂಡತಿಯನ್ನು ಪಣವಿಡಬಹುದೇ ಎಂದು ದ್ರೌಪದಿ ಕೇಳಿದ್ದು ನಿಯಮದಲ್ಲಿ ಇಲ್ಲದ ಪ್ರಶ್ನೆ. ಹಿರಿಯರು ಹೇಳಬೇಕಿತ್ತು. ಭೀಷ್ಮ ಧರ್ಮ ಸೂಕ್ಷ್ಮವೆಂದು ಕೈಬಿಟ್ಟ. ಬಾಯಿ ತೆರೆದವನು ಕಿರಿಯ ವಿಕರ್ಣ. ಅವನನ್ನು ಕರ್ಣ ಗದರಿಸಿ ಕೂಡಿಸಿದ. ಬರೆಯದೆ ಬಿಟ್ಟ ಜಾಗ ಹಿರಿಯರ ಪಾಲಿಗೆ ಬರುತ್ತದೆ, ಹಿರಿಯರು ಯಾರ ಪಾಲಿನವರು ಎಂಬುದು ಆಮೇಲಿನ ಮಾತು. ಪ್ರಶ್ಯದ ಆ ಅಧಿಕಾರಿಯ ಪಂಚನೂ ಮೇಲಧಿಕಾರಿಯೇ. ಅವನೆದುರು ಯಾವ ಕಿರಿಯ ಲೆಫ್ಟಿನೆಂಟ್ ತಕರಾರು ತೆಗೆದಾನು? ರೈಸ್‌ವಿಟ್ಸನ ಬೇಸರದ ಕೋಷ್ಟಕಗಳು ಆ ಕಿರಿಯನಿಗೆ ಇದ್ದ ಒಂದೇ ಆಸರೆ ಇರಬಹುದು. ಮೊದಲು ನಕ್ಕಿದ್ದ ನಾನು ಇಷ್ಟನ್ನು ಯೋಚಿಸಲು ಎರಡು ದಿನ ತೆಗೆದುಕೊಂಡೆ.

ಅಷ್ಟರಲ್ಲಿ ಹುಡುಗ ಓಣಿಯ ಮಕ್ಕಳನ್ನು ಸೇರಿಸಿದ್ದ. ಮೊದಲ ದಿನ ಪಾತ್ರ ಕಟ್ಟುವುದರಲ್ಲೇ ಹೊತ್ತು ಮುಳುಗಿತು. ಅರ್ಧ ಮಕ್ಕಳು ಎದ್ದು ಹೋದರು. ಮರುದಿನ ಅವನು ಪುಸ್ತಕ ಮುಚ್ಚಿಟ್ಟು ಬಾಯಿಂದಲೇ ಕತೆ ನಡೆಸಿದ. ಸುರಪುರದ ಗುಡ್ಡ, ಒಂದು ಗವಿ, ಒಳಗೊಂದು ರಾಕ್ಷಸ. ಮಕ್ಕಳು ಊಟಕ್ಕೆ ಕರೆದರೂ ಏಳಲಿಲ್ಲ. ಸರಳವಾದದ್ದೇ ಗೆದ್ದಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಮೂರನೆಯ ದಿನ ಪಕ್ಕದ ಮನೆಯ ಹುಡುಗಿಯೊಬ್ಬಳು ಬಾಣ ಬಿಟ್ಟಳು. ಹುಡುಗ ದಾಳ ಉರುಳಿಸದೆಯೇ 'ಅದು ತಾಕಲಿಲ್ಲ' ಅಂದ. ಕತ್ತಲಲ್ಲಿ ಹೇಗೆ ತಾಕೀತು ಎಂದು ಅವನ ವಾದ. ಅದಕ್ಕೆ ಮೊದಲು ಒಬ್ಬ ಗಂಡುಹುಡುಗನ ಬಾಣ ಅದೇ ಕತ್ತಲಲ್ಲಿ ತಾಕಿತ್ತು. ಹುಡುಗಿ ಸುಮ್ಮನಾದಳು.

ಬಾಗಿಲ ಬಳಿ ಅಕ್ಕಿ ಆರಿಸುತ್ತಾ ಕೂತಿದ್ದ ಚಿಗವ್ವ ಮೊರ ಕೆಳಗಿಟ್ಟಳು. 'ಎಲ್ಲಿ ಬರದೈತಿ? ಆ ಬುಕ್ಕು ತಗದು ತೋರ್ಸು.'

ಹುಡುಗ ಒಳಗೆ ಹೋಗಿ ಪುಸ್ತಕ ತಂದ. ಇಂಗ್ಲಿಷಿನ ಸಾಲುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಬೇಕಾಯಿತು. ಕತ್ತಲಿನ ನಿಯಮ ಸಿಗಲು ಬಹಳ ಹೊತ್ತು ಹಿಡಿಯಿತು. ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕಂತೆ. ಚಿಗವ್ವ ಹುಡುಗಿಯ ಕೈಗೆ ಇಪ್ಪತ್ತು ಮುಖದ ದಾಳ ಕೊಟ್ಟಳು, ಅದು ಉರುಳಿ ನಿಲ್ಲುವವರೆಗೂ ಬಗ್ಗಿ ನೋಡುತ್ತಿದ್ದಳು.