ಜೂನ್ ಒಂದಕ್ಕೆ ಹುಟ್ಟಿದವರು

ನಿಮ್ಮ ಅಪ್ಪ, ದೊಡ್ಡಪ್ಪ, ಸೋದರಮಾವ ಇವರೆಲ್ಲರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ಒಬ್ಬರಾದರೂ ಜೂನ್ 1ಕ್ಕೆ ಹುಟ್ಟಿರ್ತಾರೆ. ಇಬ್ಬರು ಮೂವರು ಇದ್ದರೂ ಆಶ್ಚರ್ಯ ಬೇಡ. ಮಗುವಿನ ಕೈ ತಲೆಯ ಮೇಲಿಂದ ಬಂದು ಆಚೆ ಕಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯ್ತು ಅಂತ ಲೆಕ್ಕ. ಹುಟ್ಟಿದ ತಾರೀಕು ಕೇಳಿದರೆ ಅಪ್ಪ-ಅಮ್ಮನಿಗೆ ಗೊತ್ತಿಲ್ಲ. ಶಾಲೆ ಶುರುವಾಗೋದು ಜೂನ್‌ನಲ್ಲಿ, ಹಾಗಾಗಿ ಮಾಸ್ತರು ಜೂನ್ 1 ಅಂತ ಬರೆದು ಮುಗಿಸಿದರು. ಮೇ 31 ಬಂದರೆ ಸರಕಾರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ ಸಮಾರಂಭ ನಡೆಯೋದಕ್ಕೆ ಇದೂ ಒಂದು ಕಾರಣ.

ಇದು ಶಾಲೆ ಕಂಡವರ ಕಥೆ. ಕಾಣದವರಿಗೆ, ಅದರಲ್ಲೂ ಹಳ್ಳಿಯ ಹೆಣ್ಣುಮಕ್ಕಳಿಗೆ, ಜೂನ್ 1 ಕೂಡ ಸಿಗಲಿಲ್ಲ. ಅವರಲ್ಲಿ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಬರೀ ಇಸವಿ ಇದೆ, ಇಲ್ಲವೇ ಜನವರಿ 1.

ಹಾಗಂತ ನಮ್ಮ ಹಿರೀಕರಿಗೆ ದಿನಾಂಕದ ಪರಿವೆ ಇರಲಿಲ್ಲ ಅಂದುಕೊಳ್ಳಬೇಡಿ. ಕಲ್ಲಿನಲ್ಲಿ ಕೆತ್ತಿಸುವಷ್ಟು ಪರಿವೆ ಇತ್ತು. ಆದರೆ ಕೆತ್ತಿಸಿದ್ದು ಹುಟ್ಟಿದ ದಿನವನ್ನಲ್ಲ. ಅರಸರಿಗೆ ವರ್ಧಂತಿ ಇತ್ತು, ದೇವರಿಗೆ ಸಂತರಿಗೆ ಜಯಂತಿ ಇತ್ತು, ಜಾತಕ ಬರೆಸುವ ಮನೆತನಗಳಲ್ಲಿ ಜನ್ಮನಕ್ಷತ್ರ ಇತ್ತು. ಉಳಿದವರು ಬರ ಬಿದ್ದ ವರ್ಷ ಹುಟ್ಟಿದರು, ಪ್ಲೇಗಿಗೆ ಹೆದರಿ ಊರು ಬಿಟ್ಟ ವರ್ಷ ಹುಟ್ಟಿದರು.

ಇದನ್ನೆಲ್ಲ ಒಂದೇ ದಿನದಲ್ಲಿ ನೋಡಬೇಕು ಅಂದರೆ ಹಾವೇರಿ ಜಿಲ್ಲೆಗೆ ಹೋಗಬೇಕು. ಜನವರಿಯ ಒಂದು ಗುರುವಾರ, ರಜೆ ಹಾಕಿ, ನಾವು ಮೂವರು ಹೋಗಿದ್ದು ಅಲ್ಲಿಯ ಗೆಳೆಯನ ಬರ್ತಡೇಗೆ. ಅವನಿಗೆ ಅವತ್ತು 31 ತುಂಬಿತ್ತು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಅವನ ಅವ್ವನೂ ಕಾರು ಹತ್ತಿದರು. ನಿಮ್ಮ ಬರ್ತಡೇ ಯಾವಾಗ ಅಂತ ಕೇಳಿದರೆ ನಕ್ಕುಬಿಟ್ಟರು. “ನಂದೆಲ್ಲಿ ಬರ್ತಡೇ ಬಿಡಪಾ. ಸಾಲಿಗೆ ಹೋಗಿದ್ರ ಮಾಸ್ತರಾದ್ರೂ ಒಂದು ತಾರೀಕು ಬರೀತಿದ್ರು.”

ಹಾವೇರಿಯ ಸಿದ್ಧೇಶ್ವರ ದೇವಸ್ಥಾನ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ. ಬಹಳಷ್ಟು ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮಾಡಿದೆ. ಆ ಕಾಲದ ದಾನಶಾಸನಗಳನ್ನು ಓದಿದರೆ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಸಿಗುತ್ತವೆ. ಎಷ್ಟೋ ಕಡೆ ಆ ದಿನ ಗ್ರಹಣ, ಇಲ್ಲವೇ ಚಳಿಗಾಲದ ಉತ್ತರಾಯಣ ಸಂಕ್ರಮಣ. ಇಷ್ಟೆಲ್ಲ ಕರಾರುವಾಕ್ಕಾಗಿ ಬರೆದಿಟ್ಟದ್ದು ಯಾರೋ ಗುರುವಿನ ಕಾಲು ತೊಳೆದು, ಧಾರೆ ಎರೆದು, ಗುಡಿಗೆ ಹೊಲವನ್ನೋ ತೋಟವನ್ನೋ ಕೊಟ್ಟ ದಿನವನ್ನು. ವೀರಗಲ್ಲುಗಳದ್ದು ಇನ್ನೊಂದು ಲೆಕ್ಕ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನ ವಿಷಯದಲ್ಲಿ ಊರು ನೆನಪಿಟ್ಟದ್ದು ಅವನು ಸತ್ತದ್ದನ್ನು. ಅವನು ಎಂದು ಹುಟ್ಟಿದ ಅಂತ ಯಾರೂ ಕೇಳಲಿಲ್ಲ.

ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಮೋಟೆಬೆನ್ನೂರು. ಮೈಲಾರ ಮಹಾದೇವಪ್ಪನವರ ಊರು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ಹೆಜ್ಜೆ ಹಾಕಿದವರಲ್ಲಿ ಇವರೂ ಒಬ್ಬರು, ಆಗ ವಯಸ್ಸು 18. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರಕಾರದ ಕಂದಾಯ ವಸೂಲಿ ಕೇಂದ್ರದ ಮೇಲೆ ದಾಳಿ ಮಾಡಿದಾಗ ಗುಂಡೇಟಿಗೆ ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಅಲ್ಲೇ ತೀರಿಕೊಂಡರು. ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು. ಲೆಕ್ಕ ಹಾಕಿದರೆ ಸಾಯುವಾಗ ಅವರಿಗೂ 31. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈ ಸೀಮೆಯ ಜನ ಅವರನ್ನು ನೆನೆಯುವುದು ಹೆಚ್ಚಾಗಿ ಏಪ್ರಿಲ್ 1ಕ್ಕೆ, ಆ ಹಳೇ ವೀರಗಲ್ಲಿನ ಕ್ರಮದಲ್ಲೇ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. ಚಳಿಗಾಲದಲ್ಲಿ ಹೊಸ ಮೆಣಸಿನಕಾಯಿ ಬರುತ್ತಿದ್ದಂತೆ ಊರಿಗೆ ಊರೇ ಕೆಂಪಾಗುತ್ತದೆ. ಕಡ್ಡಿ, ಡಬ್ಬಿ ಅಂತ ಎರಡು ತಳಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಖಾರ ಕಡಿಮೆ ಅಂದರೂ ಘಾಟಿಗೆ ನಾವು ಕೆಮ್ಮುತ್ತ ನಿಂತಿದ್ದಾಗ ಅವ್ವ ಚೀಲದಿಂದ ಒಂದು ಕಾಯಿ ಎತ್ತಿ ಮೂಸಿ ನೋಡಿ, ಯಾರೂ ಕೇಳದೇ ಹೇಳಿದರು. “ಕಾಯಿ ಬಿಡಿಸೋ ಸುಗ್ಗ್ಯಾಗ ಹುಟ್ಟೀನಂತ ನಾನು. ನಮ್ಮವ್ವ ಅಷ್ಟು ದಿನದ ಕೂಲಿ ಹೋತು ಅಂತ ಭಾಳ ವರ್ಷ ಹೇಳ್ತಿದ್ಲು.”

ಅಂದರೆ ಇದೇ ಹೊತ್ತು. ಅವರ ಆಧಾರ್ ಕಾರ್ಡಿನಲ್ಲಿ ಇಸವಿ ಮಾತ್ರ ಇದೆ. ಮಗನಿಗೂ ಈ ವಿಷಯ ಗೊತ್ತಿರಲಿಲ್ಲ. ರಾಣೆಬೆನ್ನೂರಿನ ಬೇಕರಿಯಲ್ಲಿ ಕೇಕಿನ ಮೇಲೆ ತನ್ನ ಹೆಸರಿನ ಜೊತೆ ‘ಅವ್ವ’ ಅಂತಲೂ ಬರೆಸಿದ. ಅದನ್ನು ಕತ್ತರಿಸಿದ್ದು ಅದೇ ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ.

ಅಲ್ಲಿಯ ಮುಕ್ತೇಶ್ವರ ಗುಡಿಯ ಬಳಿ ಎತ್ತರದ ಶಾಸನಕಲ್ಲುಗಳಿವೆ. ಇಲ್ಲಿಯ ಶಾಸನಗಳಿಂದ ಶಿವದೇವ ಎಂಬ ವೀರಶೈವ ಸಂತರ ಬಗ್ಗೆ ತಿಳಿಯುತ್ತದೆ. ಶಾಸನದ ಕಾಲವನ್ನು ಇಂದಿನ ಕ್ಯಾಲೆಂಡರಿಗೆ ಇಳಿಸಿದರೆ, ಅವರು ಈ ಊರಿಗೆ ಕಾಲಿಟ್ಟದ್ದು 1225ರ ಆಗಸ್ಟ್ 19ರಂದು. ಆಮೇಲೆ ಇಲ್ಲೇ ತಪಸ್ಸಿನಲ್ಲಿ ಬಾಳಿದರು. ಹೊರಗಿನಿಂದ ಬಂದವರೊಬ್ಬರು ತಮ್ಮವರಾದ ದಿನ ಈ ಊರಿಗೆ ಬರೆದಿಡುವಷ್ಟು ದೊಡ್ಡದಾಗಿತ್ತು.

ನಾವೀಗ ಬದುಕುತ್ತಿರುವುದು ಇನ್ನೊಂದು ತುದಿಯಲ್ಲಿ. 1969ರಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂತು. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ ಸೇರಲು, ಲೈಸೆನ್ಸ್ ಪಡೆಯಲು ಜನನ ಪ್ರಮಾಣಪತ್ರವೇ ದಾಖಲೆ. ಒಳ್ಳೆಯದೇ ಆಯ್ತು. ತಾರೀಕಿಲ್ಲದೆ ಪಿಂಚಣಿಗೆ, ಪಡಿತರಕ್ಕೆ ಅಲೆದವರಿಗೆ ಅದರ ಬೆಲೆ ಗೊತ್ತು. ಇನ್ನು ಮೇಲೆ ಯಾವ ಮಾಸ್ತರೂ ಜೂನ್ 1 ಅಂತ ಬರೆಯಬೇಕಿಲ್ಲ.

ಆದರೆ ಜೂನ್ 1ರವರು ವರ್ಷ ವರ್ಷ ನಿವೃತ್ತರಾಗುತ್ತಿದ್ದಾರೆ. ಇಸವಿ ಮಾತ್ರ ಇರುವವರಿಗೆ ಅವರಿಗಿಂತಲೂ ವಯಸ್ಸಾಗಿದೆ. ನೀವು ಹುಟ್ಟಿದಾಗ ಹೊಲದಲ್ಲಿ ಏನಿತ್ತು, ಊರಲ್ಲಿ ಯಾವ ಜಾತ್ರೆ ನಡೀತಿತ್ತು ಅಂತ ಅವರನ್ನು ಕೇಳಿ, ಒಂದು ಕಡೆ ಬರೆದಿಡಿ. ಆ ಮಾಹಿತಿ ಯಾವ ಕಚೇರಿಯಲ್ಲೂ ಸಿಗೋದಿಲ್ಲ.