ಲೆಕ್ಕ ಕೇಳಿದವರು: ಮುಂಬೈ ನಗರಸಭೆಯ ಹುಟ್ಟಿನ ಕಥೆ

ನಮ್ಮ ಜಮಾತ್‌ಗಳಲ್ಲಿ ವರ್ಷಕ್ಕೊಮ್ಮೆ ಜುಮಾ ನಮಾಜಿನ ನಂತರ ಮಸೀದಿಯ ಜಮಾ-ಖರ್ಚು ಓದುವ ರೂಢಿ ಇದೆ. ಬಣ್ಣಕ್ಕೆ ಇಷ್ಟು, ಪಂಪ್ ರಿಪೇರಿಗೆ ಇಷ್ಟು ಅಂತ ಓದುವಾಗ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ಎದ್ದು, "ಅದು ಯಾವ ಖರ್ಚು?" ಅಂತ ಕೇಳಿಯೇ ಕೇಳ್ತಾರೆ. ಅದೇ ಮನುಷ್ಯ ವಾರ್ಡ್ ಆಫೀಸಿಗೆ ಹೋದರೆ ಕೈಕಟ್ಟಿ ನಿಲ್ತಾನೆ. ಗಟಾರ ಸ್ವಚ್ಛ ಮಾಡಿಸುವುದನ್ನಾಗಲಿ, ಅಪ್ಪನ ಮರಣ ಪ್ರಮಾಣಪತ್ರವನ್ನಾಗಲಿ ಉಪಕಾರ ಬೇಡಿದ ಹಾಗೆ ಬೇಡ್ತಾನೆ. ಇವು ಉಪಕಾರಗಳಲ್ಲ, ನಗರಸಭೆಯ ಮೇಲೆ ಕಾನೂನು ಹೊರಿಸಿದ ಕಡ್ಡಾಯ ಕೆಲಸಗಳು. ಅದು ಕಡ್ಡಾಯ ಆದದ್ದು ಹೇಗೆ ಅನ್ನೋದಕ್ಕೆ ನಾವಿರುವ ಈ ಮುಂಬೈ ಊರಿನಲ್ಲೇ ಒಂದು ಕಥೆ ಇದೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮುಂಬೈಗೆ ಹಣದ ಹೊಳೆ ಹರಿಯಿತು. ಯುದ್ಧ ಮುಗಿದ ಕೂಡಲೇ ಬೆಲೆ ಕುಸಿದು ಎಷ್ಟೋ ಸಾಹುಕಾರರು ದಿವಾಳಿಯಾದರು. ಅದೇ 1865ರಲ್ಲಿ ನಗರಕ್ಕೆ ಹೊಸ ಮುನಿಸಿಪಲ್ ಕಾಯ್ದೆ ಬಂತು. ಸರ್ಕಾರ ನೇಮಿಸಿದ ಜಸ್ಟಿಸ್ ಆಫ್ ದಿ ಪೀಸ್‌ಗಳ ಕೂಟವೇ ನಗರಸಭೆ. ಆದರೆ ಕೆಲಸ ಮಾಡಿಸುವ ಅಧಿಕಾರವೆಲ್ಲ ಒಬ್ಬ ಮುನಿಸಿಪಲ್ ಕಮಿಷನರ್ ಕೈಯಲ್ಲಿ. ಮೊದಲ ಕಮಿಷನರ್ ಆಗಿ ಬಂದವನು ಆರ್ಥರ್ ಕ್ರಾಫರ್ಡ್. ಅವನ ಹೆಸರಿನ ಮಾರ್ಕೆಟ್ ಈಗ ಮಹಾತ್ಮ ಜ್ಯೋತಿಬಾ ಫುಲೆ ಮಂಡಈ.

ಕ್ರಾಫರ್ಡ್ ಸೋಮಾರಿಯಲ್ಲ. ಕಸ ತೆಗೆಸಿದ, ರಸ್ತೆ ಅಗಲ ಮಾಡಿಸಿದ, ಮಾರ್ಕೆಟ್ ಕಟ್ಟಿಸಿದ. ಊರು ಕಣ್ಣಿಗೆ ಕಾಣುವಷ್ಟು ಶುದ್ಧವಾಯಿತು. ಆದರೆ ಖರ್ಚಿಗೆ ಲಗಾಮೇ ಇರಲಿಲ್ಲ. ಬಜೆಟ್‌ನಲ್ಲಿ ಇಲ್ಲದ ಕೆಲಸ ಮೊದಲು ಆಗಿಬಿಡುತ್ತಿತ್ತು, ಮಂಜೂರಾತಿ ಆಮೇಲೆ. ಸಾಲ ಬೆಳೆಯಿತು, ಮನೆ ತೆರಿಗೆ ಏರಿತು. ತಡೆಯಬೇಕಾದ ಜಸ್ಟಿಸ್‌ಗಳಲ್ಲಿ ಹೆಚ್ಚಿನವರು ಸಭೆಗೆ ಬಂದು ತಲೆಯಾಡಿಸಿ ಹೋಗ್ತಿದ್ದರು.

1871ರಲ್ಲಿ ತೆರಿಗೆ ಕಟ್ಟುವವರ ಸಿಟ್ಟು ಸ್ಫೋಟಿಸಿತು. ನವರೋಜಿ ಫರ್ದೂನ್‌ಜಿ, ವಿಶ್ವನಾಥ ನಾರಾಯಣ ಮಂಡಲಿಕ್ ಮೊದಲಾದವರು ಟೌನ್ ಹಾಲ್‌ನಲ್ಲಿ ಲೆಕ್ಕ ಕೇಳಿದರು. ಕಮಿಷನರ್ ಹುದ್ದೆಯ ಅಧಿಕಾರವನ್ನೇ ಕಿತ್ತು ಒಂದು ಕೌನ್ಸಿಲ್‌ಗೆ ಕೊಡಿ ಅನ್ನುವ ಕೂಗು ಎದ್ದಿತು. ಆಗ 26 ವರ್ಷದ ಬ್ಯಾರಿಸ್ಟರ್ ಫಿರೋಜ್‌ಷಾ ಮೆಹ್ತಾ ಬೇರೆಯೇ ಮಾತು ಹೇಳಿದರು. ಕೆಲಸಕ್ಕೆ ಒಬ್ಬ ಹೊಣೆಗಾರ ಇರುವುದು ಸರಿ, ತಪ್ಪಿರುವುದು ಅವನನ್ನು ನೋಡಿಕೊಳ್ಳಬೇಕಾದ ಸಭೆಯಲ್ಲಿ. ಸರ್ಕಾರ ಆರಿಸಿದವರ ಬದಲು ತೆರಿಗೆ ಕಟ್ಟುವವರು ಆರಿಸಿದವರು ಅಲ್ಲಿ ಕೂರಲಿ ಅಂತ ಅವರ ವಾದ. ಸಭಿಕರಿಗೆ ಅದು ರುಚಿಸಲಿಲ್ಲ. ಕೊನೆಗೆ ನಗರ ಹಿಡಿದದ್ದು ಹೆಚ್ಚುಕಡಿಮೆ ಅದೇ ದಾರಿ.

1872ರ ಕಾಯ್ದೆಯಲ್ಲಿ 64 ಸದಸ್ಯರ ಕಾರ್ಪೊರೇಷನ್ ಬಂತು, ಅವರಲ್ಲಿ ಅರ್ಧದಷ್ಟು ಜನ ತೆರಿಗೆದಾರರಿಂದ ಆಯ್ಕೆಯಾದವರು. ಹಣದ ಮೇಲೆ ಕಣ್ಣಿಡಲು 12 ಜನರ ಟೌನ್ ಕೌನ್ಸಿಲ್. 1873ರಲ್ಲಿ ಈ ಕಾರ್ಪೊರೇಷನ್ನಿಗೆ ಬಂದವರಲ್ಲಿ ಬದ್ರುದ್ದೀನ್ ತಯ್ಯಬ್‌ಜಿ ಒಬ್ಬರು, ಮುಂದೆ 1887ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದವರು. 1888ರಲ್ಲಿ ಕಾರ್ಪೊರೇಷನ್ನಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ರಹೀಮ್‌ತುಲ್ಲಾ ಸಯಾನಿ. ನಮ್ಮವರು ಬರೀ ಅರ್ಜಿ ಹಿಡಿದು ನಿಂತವರಲ್ಲ, ಲೆಕ್ಕ ನೋಡುವ ಜಾಗದಲ್ಲೂ ಇದ್ದವರು ಅನ್ನೋದನ್ನ ಓದುವ ಮಕ್ಕಳು ನೆನಪಿಡಬೇಕು.

ಅದೇ 1888ರಲ್ಲಿ ಬಂದ ಮುಂಬೈ ಮುನಿಸಿಪಲ್ ಕಾಯ್ದೆ ಎಷ್ಟೋ ತಿದ್ದುಪಡಿಗಳೊಂದಿಗೆ ಇವತ್ತಿಗೂ ಜಾರಿಯಲ್ಲಿದೆ. ಅದರಲ್ಲಿ ಗಮನಿಸಬೇಕಾದ್ದು ಒಂದು ವಿಂಗಡಣೆ. ಕಲಂ 61ರಲ್ಲಿ ಇರುವುದು ಮಾಡಲೇಬೇಕಾದ ಕೆಲಸಗಳು: ಚರಂಡಿ, ಕಸ ವಿಲೇವಾರಿ, ನೀರು, ಬೀದಿ ದೀಪ, ಜನನ-ಮರಣ ನೋಂದಣಿ, ಶವಸಂಸ್ಕಾರದ ಜಾಗ. ಕಲಂ 63ರಲ್ಲಿ ಇರುವುದು ಮನಸ್ಸಿದ್ದರೆ, ಹಣವಿದ್ದರೆ ಮಾಡಬಹುದಾದವು. ಅಂದರೆ ಕಬರಸ್ತಾನಕ್ಕೆ ಜಾಗ ಮೊದಲ ಪಟ್ಟಿಯ ಬಾಬತ್ತು. ಚುನಾವಣೆ ಹೊತ್ತಿಗೆ ಯಾರೋ ದಯಪಾಲಿಸುವ ಭಾಗ್ಯ ಅಲ್ಲ. ಹಣದ ವಿಷಯದಲ್ಲೂ ಕಟ್ಟುಪಾಡು ಇದೆ. ಬಜೆಟ್ ಅಂದಾಜನ್ನು ಕಮಿಷನರ್ ತಯಾರಿಸಬೇಕು, ಸ್ಥಾಯಿ ಸಮಿತಿ ನೋಡಬೇಕು, ಸಭೆ ಒಪ್ಪಬೇಕು. ಲೆಕ್ಕ ತಪಾಸಣೆ ಆಗಲೇಬೇಕು. ಕ್ರಾಫರ್ಡ್ ಕಾಲದ ಪೆಟ್ಟಿನಿಂದ ಕಲಿತ ಪಾಠ ಇದು.

ನಮ್ಮ ಕರ್ನಾಟಕಕ್ಕೂ ಇದು ದೂರದ ಸಂಗತಿಯಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದವು, ಅಲ್ಲಿಯ ಪುರಸಭೆಗಳು ನಡೆದದ್ದು ಮುಂಬೈ ಕಾಯ್ದೆಗಳ ಅಡಿಯಲ್ಲೇ. ಕರ್ನಾಟಕದ 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲೂ ಕಡ್ಡಾಯ ಕೆಲಸ ಬೇರೆ, ಐಚ್ಛಿಕ ಕೆಲಸ ಬೇರೆ.

ಹಾಗಂತ ಎಲ್ಲವೂ ಸರಿಹೋಯಿತು ಅನ್ನಲಾಗದು. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿತು. 1897ರಲ್ಲಿ ಸರ್ಕಾರ ಪ್ಲೇಗಿನ ಕೆಲಸವನ್ನು ನಗರಸಭೆಯಿಂದ ತೆಗೆದು ಜನರಲ್ ಗಟಾಕ್ರೆ ನೇತೃತ್ವದ ಸಮಿತಿಗೆ ಕೊಟ್ಟಿತು. ಮನೆ ಮನೆ ಶೋಧ, ರೋಗಿಗಳನ್ನು ಎತ್ತಿಕೊಂಡು ಹೋಗುವುದು, ಪರದಾದಲ್ಲಿದ್ದ ಹೆಂಗಸರ ತಪಾಸಣೆ. 1898ರ ಮಾರ್ಚ್ 9ರಂದು ಒಬ್ಬ ಜುಲಾಹಾ ಹುಡುಗಿಯನ್ನು ಪರೀಕ್ಷಿಸಲು ಬಂದಾಗ ನೇಕಾರರ ಮೊಹಲ್ಲಾ ಸಿಡಿದೆದ್ದಿತು, ಗಲಭೆಯಲ್ಲಿ ಪ್ರಾಣಗಳು ಹೋದವು. ನಗರಸಭೆಯೂ ಮೊದಲು ಒತ್ತಾಯದ ಹುಕುಂ ಹೊರಡಿಸಿದ್ದು ನಿಜ. ಆದರೆ ಪ್ರಶ್ನಿಸಬಹುದಾದ ಸಭೆಯೊಂದು ಮೇಲೆ ಇಲ್ಲದಿದ್ದಾಗ ಆಡಳಿತ ಬಡವರ ಬಾಗಿಲಿಗೆ ಹೇಗೆ ಬರ್ತದೆ ಅನ್ನೋದು ಆ ನೇಕಾರರಿಗೆ ಗೊತ್ತಾಯಿತು. ಅವರಿಗೆ ಮತವೂ ಇರಲಿಲ್ಲ. ಮತ ಇದ್ದದ್ದು ತೆರಿಗೆ ಕಟ್ಟುವವರಿಗೆ. 1922ರಲ್ಲಿ ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಕೊಡುವವರಿಗೂ ಸಿಕ್ಕಿತು. ವಯಸ್ಸಿಗೆ ಬಂದ ಎಲ್ಲರೂ ಮತ ಹಾಕಿದ್ದು 1948ರ ಚುನಾವಣೆಯಲ್ಲಿ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇದನ್ನೆಲ್ಲ ಇಡೀ ದೇಶಕ್ಕೆ ವಿಸ್ತರಿಸಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಜನನ-ಮರಣ ಲೆಕ್ಕವೂ ಇದೆ, ಕಬರಸ್ತಾನವೂ ಇದೆ. ಆದರೆ ಒಂದು ಸೂಕ್ಷ್ಮ ನೋಡಿ. ಚುನಾವಣೆ "ನಡೆಯತಕ್ಕದ್ದು". ಈ 18 ವಿಷಯಗಳ ಅಧಿಕಾರವನ್ನು ಮಾತ್ರ ರಾಜ್ಯಗಳು "ಕೊಡಬಹುದು". ಆ "ಬಹುದು" ಎಂಬ ಬಾಗಿಲಿನಿಂದ ಎಷ್ಟೋ ಅಧಿಕಾರ ನಗರಸಭೆಗಳಿಗೆ ಬರದೇ ಉಳಿದಿದೆ. "ತಕ್ಕದ್ದು" ಕೂಡ ಪಾಲನೆಯಾಗಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಮುಂಬೈಯದ್ದು 2022ರ ಮಾರ್ಚ್‌ನಲ್ಲಿ. ಎರಡೂ ಊರುಗಳನ್ನು ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳು ನಡೆಸಿದರು. ನಗರಸೇವಕನ ಸಹಿ ಬೇಕಾದವರು ಅಲೆದಾಡಿದರು. ಮುಂಬೈಯಲ್ಲಂತೂ ಬಜೆಟ್ ಮಂಡಿಸಿದವರೂ ಒಪ್ಪಿದವರೂ ಒಬ್ಬರೇ. ಮತ್ತೆ 1865!

ಕಾಯ್ದೆ ಲೆಕ್ಕ ಕೊಡಿ ಅನ್ನಬಹುದು, ಕೇಳುವವರಿಲ್ಲದಿದ್ದರೆ ಅದು ಕಪಾಟಿನಲ್ಲಿರುತ್ತದೆ. ಕೇಳಲಿಕ್ಕೆ ಬ್ಯಾರಿಸ್ಟರ್ ಆಗಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಪಾಲಿಕೆಯ ಬಜೆಟ್ ಪುಸ್ತಕ ಸಿಗುತ್ತದೆ. ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರು ತಮ್ಮ ವಾರ್ಡಿನ ಒಂದೇ ಒಂದು ಬಾಬತ್ತು, ಗಟಾರದ್ದೋ ಕಬರಸ್ತಾನದ ಗೋಡೆಯದ್ದೋ, ಹಿಡಿದು ಎಷ್ಟು ಮಂಜೂರು, ಎಷ್ಟು ಖರ್ಚು ಅಂತ ನೋಡಲಿ. ಜುಮಾ ದಿನ ಹಿಂದಿನ ಸಾಲಿನಿಂದ ಎದ್ದು ಕೇಳುವ ಆ ಮನುಷ್ಯನ ಧ್ವನಿ ವಾರ್ಡ್ ಆಫೀಸಿನಲ್ಲೂ ಕೇಳಿಸಬೇಕು.