ಐವತ್ತು ಮಿಲಿಮೀಟರಿನ ಲೆನ್ಸ್ ಅಗ್ಗವಾದ ಬಗೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ಮಗಳಿಗೆ ಬಂಧುಗಳು ತಾವು ಬಳಸಿದ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟಿದ್ದಾರಂತೆ. “ಮೇಷ್ಟ್ರೇ, ಕಡಿಮೆ ಬೆಲೆಯ ಪ್ರೈಮ್ ಲೆನ್ಸ್ ಕೊಡಿಸಬೇಕು. ಎಲ್ಲರೂ ಐವತ್ತು ಮಿಲಿಮೀಟರಿನದನ್ನೇ ಹೇಳುತ್ತಾರೆ, ಅದೇ ಆಗಬಹುದೇ?” ಎಂದು ಕೇಳಿದ. ಹೌದು ಅಥವಾ ಅಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. ಅದರ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಸಂಗಮದೂರ ಬದಲಾಗದ ಲೆನ್ಸೇ ಪ್ರೈಮ್. 1817ರಲ್ಲಿ ಗಣಿತಜ್ಞ ಗೌಸ್ ದೂರದರ್ಶಕಕ್ಕಾಗಿ ಒಂದು ಮಸೂರ ಜೋಡಿಯನ್ನು ಸೂಚಿಸಿದ್ದರು. ಅಂಥ ಜೋಡಿಗಳನ್ನು ಎದುರುಬದುರಾಗಿ ಇರಿಸುವ ತತ್ತ್ವದ ಮೇಲೆ, 1896ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಪೌಲ್ ರುಡಾಲ್ಫ್ ‘ಪ್ಲಾನಾರ್’ ಲೆನ್ಸನ್ನು ರೂಪಿಸಿದರು. ವಿನ್ಯಾಸವೇನೋ ಸೊಗಸಾದದ್ದೇ. ಆದರೆ ಗಾಜಿನ ಪ್ರತಿ ಮೈಯೂ ಒಂದಿಷ್ಟು ಬೆಳಕನ್ನು ಪ್ರತಿಫಲಿಸುತ್ತಿದ್ದುದರಿಂದ ಚಿತ್ರ ಮಂಕಾಗುತ್ತಿತ್ತು. 1935ರಲ್ಲಿ ಅದೇ ಸಂಸ್ಥೆಯ ಸ್ಮಾಕುಲಾ ಪ್ರತಿಫಲನವನ್ನು ತಗ್ಗಿಸುವ ತೆಳುಲೇಪನವನ್ನು ಕಂಡುಹಿಡಿದ ಮೇಲೆ ಈ ವಿನ್ಯಾಸದ ಹಾದಿ ಸುಗಮವಾಯಿತು.

ಐವತ್ತು ಎಂಬ ಸಂಖ್ಯೆ ಬಂದದ್ದು ಬೇರೊಂದು ಕಡೆಯಿಂದ. ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಸಂಸ್ಥೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮೆರಾವನ್ನು ರೂಪಿಸಿದರು. ‘ಲೈಕಾ’ ಹೆಸರಿನ ಆ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರೆದುರು ಬಂದಿತು. ಅದರ ಚೌಕಟ್ಟು 24×36 ಮಿ.ಮೀ.; ಮ್ಯಾಕ್ಸ್ ಬೆರೆಕ್ ರೂಪಿಸಿದ ಲೆನ್ಸು 50 ಮಿ.ಮೀ. ಚೌಕಟ್ಟಿನ ಕರ್ಣ ಸುಮಾರು 43 ಮಿ.ಮೀ. ಆದ್ದರಿಂದ ನೋಟ ತೀರ ಅಗಲವೂ ಅಲ್ಲ, ಇಕ್ಕಟ್ಟೂ ಅಲ್ಲ. ಮುಂದೆ ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಜೊತೆಯಲ್ಲೇ ಐವತ್ತರ ಲೆನ್ಸ್ ಮಾರಾಟವಾಗುವುದು ರೂಢಿಯಾಯಿತು. ಅಪಾರ ಸಂಖ್ಯೆಯ ತಯಾರಿಕೆ, ಚೆನ್ನಾಗಿ ಪಳಗಿದ ವಿನ್ಯಾಸ, ಕೆಲವೇ ಗಾಜುಗಳು: ಅಗ್ಗವಾಗಲು ಇವೇ ಕಾರಣಗಳು. ಕೆನಾನ್ ಸಂಸ್ಥೆ 1990ರಲ್ಲಿ ಹೊರತಂದ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಆರೇ ಗಾಜುಗಳಿದ್ದವು. ಕ್ಯಾಮೆರಾಕ್ಕೆ ಕೂಡುವ ಬಳೆಯೂ ಪ್ಲಾಸ್ಟಿಕ್ಕಿನದು. ತೂಕ ಕೇವಲ 130 ಗ್ರಾಂ.

ತೊಡಕು ಉಂಟಾದದ್ದು ಡಿಜಿಟಲ್ ಕಾಲದಲ್ಲಿ. ಅಗ್ಗದ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಅದರ ಮೇಲೆ ಐವತ್ತರ ಲೆನ್ಸ್, ಹಳೆಯ ಲೆಕ್ಕದ 75 ಅಥವಾ 80 ಮಿ.ಮೀ. ಲೆನ್ಸಿನಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ. ಹೆಸರು ಉಳಿಯಿತು, ಅರ್ಥ ಬದಲಾಯಿತು.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2008ರಲ್ಲಿ ತಾಯಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಐವತ್ತರ ಲೆನ್ಸ್ ಕೊಂಡಿದ್ದೆ. ನಡುಮನೆಯ ಮಂದ ಬೆಳಕಿನಲ್ಲಿ ಅಮ್ಮನ ಮುಖದ ಒಂದೊಂದು ಸುಕ್ಕೂ ಮೂಡಿಬಂದಿತು. ಕ್ಯಾಮೆರಾದೊಡನೆ ಬಂದಿದ್ದ ಜೂಮ್ ಲೆನ್ಸಿಗೆ ಅದು ಸಾಧ್ಯವಿರಲಿಲ್ಲ, ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಒಳಬಿಡುವ ಬೆಳಕು ಹತ್ತಿರಹತ್ತಿರ ಹತ್ತು ಪಟ್ಟು. ಆದರೆ ಎಲ್ಲರನ್ನೂ ಸೇರಿಸಿ ತೆಗೆಯಲು ಹೋದಾಗ ನನ್ನ ಬೆನ್ನು ಗೋಡೆಗೆ ತಾಗಿತು. ಚೌಕಟ್ಟಿನಲ್ಲಿ ಅರ್ಧ ಸಂಸಾರ ಮಾತ್ರ ಹಿಡಿಸಿತು. ಜೂಮ್ ಲೆನ್ಸ್ ಬದಲಾಯಿಸುವಷ್ಟರಲ್ಲಿ ಊಟಕ್ಕೆ ಕರೆ ಬಂದು ಎಲ್ಲರೂ ಎದ್ದರು.

ಮರುವರ್ಷವೇ, ಅಂದರೆ 2009ರಲ್ಲಿ, ನಿಕಾನ್ ಸಂಸ್ಥೆ ಚಿಕ್ಕ ಸೆನ್ಸರಿಗೆಂದೇ 35 ಮಿ.ಮೀ. ಎಫ್/1.8 ಲೆನ್ಸನ್ನು ತಂದಿತು. ಹಳೆಯ ಲೆಕ್ಕದಲ್ಲಿ ಅದೇ ನಿಜವಾದ ಐವತ್ತು. ಫೋಕಸ್ ಮಾಡುವ ಮೋಟಾರು ಲೆನ್ಸಿನೊಳಗೇ ಇದ್ದುದರಿಂದ, 2006ರ ಡಿ40ಯಂಥ ಮೋಟಾರಿಲ್ಲದ ಕ್ಯಾಮೆರಾಗಳಿಗೂ ಅದು ಒಗ್ಗಿತು. ಕೆನಾನ್ 2014ರಲ್ಲಿ 24 ಮಿ.ಮೀ. ಎಫ್/2.8 ಲೆನ್ಸನ್ನು ತಂದಿತು.

ಆದುದರಿಂದ ಶಿಷ್ಯನಿಗೆ ಹೇಳಿದೆ: “ಮೊದಲು ಜೂಮ್ ಲೆನ್ಸನ್ನು ಒಂದು ವಾರ 35ರಲ್ಲಿ, ಇನ್ನೊಂದು ವಾರ 50ರಲ್ಲಿ ನಿಲ್ಲಿಸಿ ಚಿತ್ರ ತೆಗೆಯಲು ಮಗಳಿಗೆ ಹೇಳು. ಒಬ್ಬೊಬ್ಬರ ಮುಖ ಬೇಕಾದರೆ ಐವತ್ತು, ಮನೆಮಂದಿಯೆಲ್ಲ ಬೇಕಾದರೆ ಮೂವತ್ತೈದು. ಮೋಟಾರು ಲೆನ್ಸಿನಲ್ಲಿದೆಯೇ ಎಂದು ಕೇಳಿಯೇ ಕೊಳ್ಳು.”

ಅಮ್ಮನ ಆ ಚಿತ್ರ ಈಗಲೂ ನಡುಮನೆಯ ಗೋಡೆಯ ಮೇಲಿದೆ. ಅಂದು ಚೌಕಟ್ಟಿನ ಹೊರಗೆ ಉಳಿದವರಲ್ಲಿ ನನ್ನ ಅಕ್ಕನೂ ಒಬ್ಬಳು. ಅಮ್ಮನೊಡನೆ ಅವಳಿರುವ ಚಿತ್ರ ನಮ್ಮಲ್ಲಿ ಒಂದೂ ಇಲ್ಲ.